ಅಡಿಕೆ ಎಲ್ಲ ಒಳಗೆ ತಂದಾಯ್ತು

ಈ ಭಾನುವಾರಕ್ಕೆ ಅಮ್ಮನ ಹೃದಯದ ವಾಲ್ವ್ ಬದಲಾಗಿ ಆರು ತಿಂಗಳು. ಮಳೆ ಹೊಳವಾದ ಹೊತ್ತು ನೋಡಿ ನಿನ್ನೆ ತೋಟದ ಮೊದಲ ಸಂಕದವರೆಗೆ ಹೋಗಿ ಬಂದಳಂತೆ. ‘ಏದುಸಿರು ಬಂತಾ?’ ಅಂತ ಫೋನಿನಲ್ಲಿ ಕೇಳಿದೆ. ‘ಏದುಸಿರು ಬರ್ಲಿಲ್ಲ, ಜಿಗಣೆ ಬಂತು. ಎರಡು’ ಅಂದಳು.

ಇದನ್ನು ಜನವರಿಯಲ್ಲೇ ಬರೆಯಬೇಕಿತ್ತು. ಬರೆಯಲು ಕೂತಾಗಲೆಲ್ಲ ಒಬ್ಬರ ವಿಷಯಕ್ಕೆ ಬಂದು ನಿಂತುಹೋಗುತ್ತಿತ್ತು. ಇವತ್ತು ಮುಗಿಸಿಯೇ ಏಳುತ್ತೇನೆ.

ನಿಮಗೆ ಗೊತ್ತಿರುವ ಭಾಗವನ್ನು ಮತ್ತೆ ಹೇಳುವುದಿಲ್ಲ. ದೇವರ ಮನೆ ಹೊಸಿಲಲ್ಲಿ ಬಿದ್ದದ್ದು, ಶಿವಮೊಗ್ಗದಲ್ಲಿ ಹೃದಯದ ಎಕೋ ಸ್ಕ್ಯಾನ್ ಮಾಡಿಸಿದ್ದು, ಅಲ್ಲಿಂದ ಬೆಂಗಳೂರಿಗೆ ಬಂದದ್ದು, ಎಲ್ಲ ನಮ್ಮ ವಾಟ್ಸಾಪ್ ಗ್ರೂಪಿನಲ್ಲಿದೆ. ಗ್ರೂಪಿನಲ್ಲಿ ಇಲ್ಲದವರಿಗೆ ಇಷ್ಟು ಸಾಕು: ಮೂರು ನಾಲ್ಕು ಚದರ ಸೆಂಟಿಮೀಟರ್ ತೆರೆದುಕೊಳ್ಳಬೇಕಾದ ಮಹಾಧಮನಿಯ ಕವಾಟ, ಅಂದರೆ ಆ ವಾಲ್ವ್, ಸುಣ್ಣಗಟ್ಟಿ 0.6ಕ್ಕೆ ಬಂದು ನಿಂತಿತ್ತು. ಅಮ್ಮನಿಗೆ 81. ಸಕ್ಕರೆ ಕಾಯಿಲೆ ಇದೆ, ಕಿಡ್ನಿಯೂ ಅಷ್ಟಕ್ಕಷ್ಟೆ.

ರಕ್ತ ಕೊಟ್ಟ ನಾಲ್ವರು, ಆಸ್ಪತ್ರೆ ಪಕ್ಕದ ರಸ್ತೆಯಲ್ಲಿ ಮೇಲಿನ ರೂಮಿನ ಬೀಗದ ಕೈ ಕೊಟ್ಟು ಬಾಡಿಗೆಯ ಮಾತನ್ನೇ ಎತ್ತದ ಗೆಳೆಯನ ಅತ್ತೆ, ನಾವು ಮಲಗಿದ ಹೊತ್ತಿಗೆ ನ್ಯೂಜೆರ್ಸಿಯಲ್ಲಿ ಎದ್ದು ಇನ್ಶೂರೆನ್ಸಿನವರ ಮೇಲ್‌ಗಳಿಗೆಲ್ಲ ಉತ್ತರ ಬರೆದ ತಂಗಿ, ಇಪ್ಪತ್ತಮೂರು ದಿನ ನನ್ನ ಕೆಲಸ ಹಂಚಿಕೊಂಡ ಆಫೀಸಿನವರು, ಊಟ ಕಳಿಸಿದವರು, ಹರಕೆ ಹೊತ್ತವರು, ನಿಮಗೆಲ್ಲ ಋಣಿ. ಒಬ್ಬೊಬ್ಬರ ಮೇಲೂ ಒಂದೊಂದು ಪುಟ ಬರೆಯಬೇಕು, ಬರೆಯುತ್ತಿಲ್ಲ. ಬೇಜಾರು ಮಾಡಿಕೊಳ್ಳಬೇಡಿ.

ಸರ್ಜನ್ ಹುಡುಕಿದ ಕತೆಯನ್ನು ಮಾತ್ರ ಸ್ವಲ್ಪ ಹೇಳುತ್ತೇನೆ. ಇದೇ ಸ್ಥಿತಿಯಲ್ಲಿರುವ ಇಬ್ಬರು ಮೊನ್ನೆ ಫೋನ್ ಮಾಡಿದ್ದರು.

ಮೊದಲು ಕಂಡ ಸರ್ಜನ್ ಫೈಲನ್ನು ತಿರುವಿ ಹಾಕಿದ್ದೇ ಹೊರತು ಅಮ್ಮನ ಮುಖ ನೋಡಲಿಲ್ಲ. ‘ಈ ವಯಸ್ಸಿಗೆ ಯಾಕೆ ಹಿಂಸೆ ಕೊಡ್ತೀರಿ?’ ಅಂತ ನನ್ನನ್ನು ಕೇಳಿದರು. ಅಮ್ಮ ಪಕ್ಕದ ಕುರ್ಚಿಯಲ್ಲೇ ಇದ್ದಳು. ಅವಳಿಗೆ ಕಿವಿ ಚೆನ್ನಾಗಿಯೇ ಕೇಳುತ್ತದೆ. ಎರಡನೇ ಕಡೆ ಅದಕ್ಕೆ ತದ್ವಿರುದ್ಧ. ಸಿ.ಟಿ. ಸ್ಕ್ಯಾನ್ ಆಗುವ ಮೊದಲೇ ಎಸ್ಟಿಮೇಟ್ ಕೈಗೆ ಬಂತು. ‘ನಾಳೆ ಅಡ್ಮಿಟ್ ಮಾಡಿ, ಬೆಡ್ ಹಿಡಿದಿಡ್ತೀವಿ’ ಅಂದರು. ಮದುವೆ ಛತ್ರ ಬುಕ್ ಮಾಡುವಾಗಲೂ ಇಷ್ಟು ಅವಸರ ಮಾಡುವುದಿಲ್ಲ.

ರಕ್ತನಾಳದೊಳಗೆ ಕೊಳವೆ ತೂರಿಸಿ ಹೃದಯಕ್ಕೆ ಚಿಕಿತ್ಸೆ ಮಾಡುವ ಕ್ಯಾಥ್‌ಲ್ಯಾಬಿನಲ್ಲಿ ಟೆಕ್ನಿಷಿಯನ್ ಆಗಿರುವ ನನ್ನ ಹೈಸ್ಕೂಲು ಗೆಳೆಯ ಆಗ ಒಂದು ಮಾತು ಹೇಳಿದ. ‘ಒಳ್ಳೆ ಸರ್ಜನ್ ಯಾರು ಅಂತ ಕೇಳ್ತಾ ತಿರುಗಬೇಡ. ಇಂಥ ಕೇಸು ವರ್ಷಕ್ಕೆ ಎಷ್ಟು ಮಾಡ್ತೀರಿ, ಅದರಲ್ಲಿ ಎಷ್ಟು ಕೆಟ್ಟವು, ಕೆಟ್ಟರೆ ರಾತ್ರಿ ಮೂರು ಗಂಟೆಗೆ ಯಾರು ಬರ್ತಾರೆ ಅಂತ ಕೇಳು. ಮುಖ ಗಂಟು ಹಾಕಿದರೆ ಎದ್ದು ಬಾ.’ ಮೂರನೆಯವರ ಮುಂದೆ ಈ ಮೂರನ್ನೂ ಕೇಳಿದೆ. ಅವರು ಮುಖ ಗಂಟು ಹಾಕಲಿಲ್ಲ, ಒಂದು ಹಾಳೆ ಎಳೆದುಕೊಂಡರು. ಆಪರೇಷನ್ ಮಾಡಲಾಗದ ಇಂಥ ನೂರು ಜನರನ್ನು ಮಾಮೂಲಿ ಚಿಕಿತ್ಸೆಯ ಮೇಲೆಯೇ ಇಟ್ಟರೆ ವರ್ಷದೊಳಗೆ 50 ಜನ ಇರುವುದಿಲ್ಲ, ತೊಡೆಯ ರಕ್ತನಾಳದಿಂದ ಹೊಸ ವಾಲ್ವ್ ಒಯ್ದು ಕೂರಿಸಿದರೆ 30 ಜನ ಇರುವುದಿಲ್ಲ ಅಂತ ಬರೆದು ತೋರಿಸಿದರು. 2010ರಲ್ಲಿ ಪ್ರಕಟವಾದ ಪಾರ್ಟ್ನರ್ ಎಂಬ ಅಧ್ಯಯನದ ಲೆಕ್ಕವಂತೆ. ಸಲಕರಣೆ ಆಮೇಲೆ ಸುಧಾರಿಸಿದೆ, ಆದರೂ ಈ ಲೆಕ್ಕವನ್ನೇ ಮನಸ್ಸಿನಲ್ಲಿಟ್ಟುಕೊಂಡು ಬನ್ನಿ ಅಂದರು. ಸಾಯುವವರ ಲೆಕ್ಕವನ್ನು ಬಾಯಿಬಿಟ್ಟು ಹೇಳಿದ ಮೊದಲ ವೈದ್ಯರು ಅವರು. ಯಾಕೋ ಆಗಲೇ ನನಗೆ ಧೈರ್ಯ ಬಂದದ್ದು.

ಆಮೇಲೆ ಕುರ್ಚಿಯನ್ನು ಅಮ್ಮನ ಕಡೆ ತಿರುಗಿಸಿ ‘ನಿಮಗೆ ಏನಾಗಬೇಕು ಅಮ್ಮ?’ ಅಂತ ಕೇಳಿದರು. ಅಲ್ಲಿಯವರೆಗೆ ಅದನ್ನು ಯಾರೂ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ. ‘ಬಚ್ಚಲಿಗೆ ನಾನೇ ನಡ್ಕೊಂಡು ಹೋಗೋ ಹಾಗಾದ್ರೆ ಸಾಕು’ ಅಂದಳು.

ಸಿ.ಟಿ. ನೋಡಿದ ಮೇಲೆ ಅವರೇ ನಮ್ಮನ್ನು ಕೂರಿಸಿ, ನಾನು ಎದೆ ತೆರೆಯುವುದಿಲ್ಲ ಅಂದರು. ಮಹಾಧಮನಿಯ ಗೋಡೆ ಪೂರ್ತಿ ಸುಣ್ಣಗಟ್ಟಿ ಪಿಂಗಾಣಿಯಾಗಿದೆ ಎಂದು ವಿವರಿಸಿದರು. ‘ಪಿಂಗಾಣಿ ಅಂದ್ರೆ ಉಪ್ಪಿನಕಾಯಿ ಜಾಡಿ ಇರುತ್ತಲ್ಲ, ಹಾಗಾ?’ ಅಂತ ಅಮ್ಮ. ‘ಹಾಗೇ ಅಮ್ಮ. ಅದಕ್ಕೆ ನಾನು ಇಕ್ಕಳ ಹಾಕಿದ್ರೆ ಚಕ್ಕೆ ಏಳುತ್ತೆ. ಚಕ್ಕೆ ಹೋಗಿ ಮಿದುಳಿಗೆ ಕೂತರೆ ಲಕ್ವ.’ ಇಷ್ಟು ಹೇಳಿ, ತೊಡೆಯಿಂದ ವಾಲ್ವ್ ಹಾಕುವ ಹೃದ್ರೋಗ ತಜ್ಞರನ್ನು ಪಕ್ಕದ ಕೋಣೆಯಿಂದ ತಾವೇ ಕರೆತಂದರು. ತಿಂಗಳುಗಟ್ಟಲೆ ಸರ್ಜನ್ ಹುಡುಕಿದವರಿಗೆ ಕೊನೆಗೆ ಸಿಕ್ಕಿದ್ದು, ನನ್ನ ಕತ್ತರಿ ಇಲ್ಲಿ ಬೇಡ ಅಂದ ಸರ್ಜನ್. ಆದರೂ ಆ ದಿನ ಬೆಳಿಗ್ಗೆ ಕ್ಯಾಥ್‌ಲ್ಯಾಬಿನಲ್ಲಿ ಗ್ಲೌಸ್ ಹಾಕಿ ನಿಂತಿದ್ದರು. ಏನಾದರೂ ಹರಿದರೆ ಎದೆ ತೆರೆಯಲು ಅವರೇ ಬೇಕಲ್ಲ.

2002ರಲ್ಲಿ ಫ್ರಾನ್ಸಿನ ರೂಆನ್ ಎಂಬ ಊರಲ್ಲಿ ಅಲಾಂ ಕ್ರಿಬಿಯೇ ಎಂಬ ವೈದ್ಯರು ಈ ಬಗೆಯಲ್ಲಿ ಮೊದಲ ವಾಲ್ವ್ ಕೂರಿಸಿದ್ದು, ಸರ್ಜನ್ನರು ಕೈಬಿಟ್ಟಿದ್ದ 57 ವರ್ಷದ ರೋಗಿಯೊಬ್ಬನಿಗೆ ಅಂತ ಹೇಳಿದ್ದೂ ಇವರೇ. ‘ಬೇರೆಯವರು ಆಗಲ್ಲ ಅಂದರು ಅಂತ ನಾಚಿಕೆ ಪಟ್ಕೋಬೇಡಿ, ಈ ದಾರಿ ಶುರುವಾಗಿದ್ದೇ ಅಂಥವರಿಗಾಗಿ’ ಅಂದರು. ಹೊಸ ವಾಲ್ವನ್ನು ದನದ ಹೃದಯದ ಹೊರಪೊರೆಯಿಂದ ಹೊಲಿದಿರುತ್ತಾರೆ ಎಂಬುದನ್ನು ಅಮ್ಮನಿಂದ ಮುಚ್ಚಿಡೋಣ ಅಂತ ನನಗಿತ್ತು. ಅವರು ಮುಚ್ಚಿಡಲಿಲ್ಲ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಎಂಬತ್ತು ವರ್ಷ ಅದರ ಹಾಲು ಕುಡಿದಾಯ್ತು. ಋಣ ಇನ್ನೂ ಬಾಕಿ ಉಂಟು ಅಂತಾಯ್ತು’ ಅಂದಳು. ಡಾಕ್ಟರೇ, ನಿಮ್ಮ ಹೆಸರು ಹಾಕಲು ಅನುಮತಿ ಕೇಳಿಲ್ಲ, ಹಾಗಾಗಿ ಹಾಕುತ್ತಿಲ್ಲ. ಆ ಹಾಳೆ ಇನ್ನೂ ನನ್ನ ಬೀರುವಿನಲ್ಲಿದೆ.

ಇನ್ನು ವಾಲ್ವ್ ಹಾಕಿದ ಮೇಲಿನ ಎರಡನೇ ರಾತ್ರಿ. ಇದು ನಿಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲ. ಮರುದಿನ ಗ್ರೂಪಿನಲ್ಲಿ ನಾನು ಹಾಕಿದ್ದು ‘ಅಮ್ಮ ಸ್ಟೇಬಲ್’ ಎಂಬ ಎರಡೇ ಪದ.

ನಮ್ಮ ಮನೆಗೆ ಇಪ್ಪತ್ತಾರು ವರ್ಷದಿಂದ ಕೆಲಸಕ್ಕೆ ಬರುವ ಅಕ್ಕ ಒಬ್ಬರಿದ್ದಾರೆ. ಹೆಸರು ಬರೀಬಾರದು ಅಂತ ಕಟ್ಟುನಿಟ್ಟು ಮಾಡಿದ್ದಾರೆ, ಕೆಳಮನೆ ಅಕ್ಕ ಅಂತಿರಲಿ. ಅವರನ್ನು ಯಾರೂ ಬೆಂಗಳೂರಿಗೆ ಕರೆದಿರಲಿಲ್ಲ. ಡಿಸೆಂಬರ್, ಅಡಿಕೆ ಕೊಯ್ಲಿನ ನಡು. ಸುಲಿತಕ್ಕೆ ಕೂತರೆ ನಾಲ್ಕು ಕಾಸು ಕಾಣುವ ಕಾಲ ಅದೊಂದೇ. ಅದನ್ನು ಬಿಟ್ಟು, ತೀರ್ಥಹಳ್ಳಿಯಲ್ಲಿ ರಾತ್ರಿ ಬಸ್ಸು ಹತ್ತಿ, ಬೆಳಗಿನ ಜಾವ ಮೆಜೆಸ್ಟಿಕ್ಕಿನಲ್ಲಿ ಇಳಿದು, ಕಂಡಕ್ಟರ್ ಕೈಯಲ್ಲಿ ನನಗೆ ಫೋನ್ ಮಾಡಿಸಿದರು. ಅದಕ್ಕೂ ಮೊದಲು ಅವರು ಶಿವಮೊಗ್ಗ ದಾಟಿದವರಲ್ಲ. ಬ್ಯಾಗಿನಲ್ಲಿ ಅಮ್ಮನದೊಂದು ಹಳೇ ವಾಯಿಲ್ ಸೀರೆ, ಒಂದು ಬಾಟಲಿ ಕೊಬ್ಬರಿ ಎಣ್ಣೆ. ನನಗೆ ನಿಜವಾಗಿ ಕಿರಿಕಿರಿಯೇ ಆಯಿತು. ಐಸಿಯು ಒಳಗೆ ಬಿಡುವುದಿಲ್ಲ, ಇವರನ್ನು ಎಲ್ಲಿ ಮಲಗಿಸಲಿ, ಯಾರು ನೋಡಿಕೊಳ್ಳಲಿ ಅಂತ.

ವಾಲ್ವ್ ಚೆನ್ನಾಗಿ ಕೂತಿತ್ತು. ಆದರೆ ಅದು ಕೂರುವ ಜಾಗದ ಪಕ್ಕದಲ್ಲೇ ಹೃದಯದ ಬಡಿತ ಸಾಗಿಸುವ ವಿದ್ಯುತ್ತಿನ ದಾರಿ ಹಾದುಹೋಗುತ್ತದೆ. ಅದು ಅದುಮಿಕೊಂಡು ಬಡಿತ ತಪ್ಪತೊಡಗಿತ್ತು. ಹೀಗಾಗಬಹುದು ಅಂತ ಮೊದಲೇ ಹೇಳಿದ್ದರು. ತಾತ್ಕಾಲಿಕ ಪೇಸ್‌ಮೇಕರಿನ ತಂತಿ ಒಳಗಿತ್ತು, ಅಲುಗಾಡದೆ ಮಲಗಬೇಕಿತ್ತು. ರಾತ್ರಿ ಒಂದೂವರೆಗೆ ಸಿಸ್ಟರ್ ಹೊರಗೆ ಬಂದು ಅಮ್ಮನ ಹೆಸರು ಕೂಗಿದರು. ಆ ಹಾಲಿನಲ್ಲಿ ಕಾದವರಿಗೆ ಗೊತ್ತು, ಆ ಹೊತ್ತಿನಲ್ಲಿ ಹೆಸರು ಕೂಗಿದರೆ ಕಾಲಿಗೆ ಚಪ್ಪಲಿ ಸಿಗುವುದಿಲ್ಲ.

ಅಮ್ಮನಿಗೆ ಬುದ್ಧಿ ಭ್ರಮೆಯಾಗಿತ್ತು. ವಯಸ್ಸಾದವರಿಗೆ ಐಸಿಯುನಲ್ಲಿ ಹೀಗಾಗುವುದುಂಟು, ಡೆಲಿರಿಯಂ ಅನ್ನುತ್ತಾರೆ. ತಂತಿ ಕೀಳಲು ಹೋಗಿ ಕೈ ಕಟ್ಟಿಸಿಕೊಂಡಿದ್ದಳು.

‘ಮೋಡ ಆಗಿದೆ. ಅಂಗಳದಲ್ಲಿ ಅಡಿಕೆ ಇದೆ. ಮನೇಲಿ ಯಾರೂ ಇಲ್ವಾ?’

‘ಅಮ್ಮಾ, ಇದು ಬೆಂಗಳೂರು, ಆಸ್ಪತ್ರೆ. ನಿಂಗೆ ಆಪರೇಷನ್ ಆಗಿದೆ.’

‘ನೀ ಯಾರು? ಬಿಡು ನನ್ನ ಕೈ.’

ನಾನು ಮತ್ತೆ ಹೇಳಿದೆ. ತಾರೀಖು ಹೇಳಿದೆ, ನನ್ನ ಹೆಸರು ಹೇಳಿದೆ, ಅಪ್ಪನ ಹೆಸರು ಹೇಳಿದೆ. ಹೇಳಿದಷ್ಟೂ ರಂಪ ಹೆಚ್ಚಾಯಿತು, ಮಾನಿಟರು ಕೂಗಿಕೊಂಡಿತು. ಹೊರಗೆ ಬಂದು ಗೋಡೆ ಹಿಡಿದು ನಿಂತೆ. ಅಕ್ಕ ಏನನ್ನೂ ಕೇಳಲಿಲ್ಲ. ಸಿಸ್ಟರ್ ಎದುರು ಹೋಗಿ ನಿಂತು, ‘ನಾನೊಂದು ಸಲ ಮಾತಾಡ್ತೀನಿ ತಾಯೀ’ ಅಂದರು. ಆ ಸಿಸ್ಟರ್ ನಿಯಮ ಮುರಿದು ಗೌನು ತೊಡಿಸಿ ಒಳಗೆ ಬಿಟ್ಟರು. ಅವರಿಗೂ ನನ್ನ ನಮಸ್ಕಾರ. ಬಾಗಿಲ ಸಂದಿನಲ್ಲಿ ನಿಂತು ನಾನು ಕೇಳಿಸಿಕೊಂಡದ್ದು ಇದು:

‘ಅಡಿಕೆ ಎಲ್ಲ ಒಳಗೆ ತಂದಾಯ್ತು ಅಮ್ಮಾ.’

‘ಗೋಟು?’

‘ಗೋಟೂ ತಂದಾಯ್ತು.’

‘ಅಟ್ಟದ ಮೇಲಿಂದು?’

‘ಅದಕ್ಕೆ ಪ್ಲಾಸ್ಟಿಕ್ ಹೊದೆಸಿದೀನಿ. ತಟ್ಟಿ ಎಲ್ಲ ಗೋಡೆಗೆ ಒರಗಿಸಿದೀನಿ.’

‘ಹಂಡೆ ಒಲೆ?’

‘ಆರಿಸಿದೆ. ನೀವು ಮಲಗಿ.’

ಅಮ್ಮ ಕಣ್ಣು ಮುಚ್ಚಿದಳು. ಹತ್ತು ನಿಮಿಷಕ್ಕೆ ಮತ್ತೆ ಎಚ್ಚರ, ಮತ್ತೆ ಮೋಡ, ಮತ್ತೆ ಅಡಿಕೆ. ಅಕ್ಕ ಪ್ರತಿ ಸಲವೂ ಮೊದಲ ಸಲ ಹೇಳುವವರ ಹಾಗೆ ಮೊದಲಿನಿಂದ ಹೇಳಿದರು. ಕಟ್ಟಿದ ಕೈ ಬಿಚ್ಚಿಸಿ ತಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರು. ಬೆಳಗಿನ ಐದರವರೆಗೆ ನಿಂತೇ ಇದ್ದರು, ಅಲ್ಲಿ ಸ್ಟೂಲ್ ಇರಲಿಲ್ಲ. ಆ ರಾತ್ರಿ ಒಳಗೆ ಬಂದಷ್ಟು ಅಡಿಕೆ ನಮ್ಮ ತೋಟದಲ್ಲಿ ಬೆಳೆಯುವುದೇ ಇಲ್ಲ.

ಆ ಹೊತ್ತಿನಲ್ಲಿ ನಾನು ಹೊರಗಿನ ಬೆಂಚಿನ ಮೇಲೆ ಏನು ಮಾಡುತ್ತಿದ್ದೆ? ಇದನ್ನು ಹೆಂಡತಿಗೂ ಹೇಳಿಲ್ಲ. ಸಾಕು, ಇದು ಇಲ್ಲಿಗೇ ಮುಗಿದುಹೋಗಲಿ ಅಂತ ಬೇಡಿಕೊಳ್ಳುತ್ತಿದ್ದೆ. ಅಮ್ಮನಿಗಾಗಿ ಅಲ್ಲ, ನನಗಾಗಿ. ಸುಮ್ಮನೆ ಮನೆಯಲ್ಲಿ ಇದ್ದವಳನ್ನು ಎಳೆದುಕೊಂಡು ಬಂದು ಈ ಗತಿ ಮಾಡಿದೆನಲ್ಲ, ಆ ಮೊದಲ ಡಾಕ್ಟರು ಹೇಳಿದ್ದೇ ಸರಿಯಿತ್ತಲ್ಲ ಅಂತ. ಒಳಗೆ ಒಬ್ಬರು ಅಟ್ಟಕ್ಕೆ ಪ್ಲಾಸ್ಟಿಕ್ ಹೊದೆಸುತ್ತಿದ್ದರು, ಹೊರಗೆ ಮಗ ಕೈಚೆಲ್ಲಿ ಕೂತಿದ್ದ.

ಬೆಳಿಗ್ಗೆ ಆರಕ್ಕೆ ಹೊರಗೆ ಬಂದು, ‘ಸಣ್ಣಯ್ಯ, ಒಂದು ಕಾಫಿ ಕೊಡಿಸಿ’ ಅಂದರು. ಕ್ಯಾಂಟೀನಿನಲ್ಲಿ ಎದುರುಬದುರು ಕೂತು ಕುಡಿದೆವು. ಇಪ್ಪತ್ತಾರು ವರ್ಷದಲ್ಲಿ ನಾವು ಹಾಗೆ ಕೂತದ್ದು ಅದೇ ಮೊದಲು ಅಂತ ಅರ್ಧ ಲೋಟ ಮುಗಿದ ಮೇಲೆ ಹೊಳೆಯಿತು. ನಮ್ಮ ಮನೆಯ ಹಿತ್ತಲ ಜಗಲಿಯ ಗೂಡಿನಲ್ಲಿ ಒಂದು ಸ್ಟೀಲ್ ಲೋಟ ಇದೆ. ಅಕ್ಕ ಅದರಲ್ಲೇ ಕಾಫಿ ಕುಡಿದು, ತಾವೇ ತೊಳೆದು, ಅಲ್ಲೇ ಬೋರಲು ಹಾಕಿ ಹೋಗುತ್ತಾರೆ. ಹಿರಿಯರ ಕಾಲದ್ದು ಅಂತ ಹೇಳಿ ನಾನು ನುಣುಚಿಕೊಳ್ಳುವ ಹಾಗಿಲ್ಲ, ಅದನ್ನು ಕಂಡೂ ಸುಮ್ಮನಿದ್ದವನು ನಾನೇ.

ನಾಲ್ಕನೇ ದಿನ ಕಾಯಂ ಪೇಸ್‌ಮೇಕರ್ ಹಾಕಿದರು. ಐದನೇ ದಿನ ಅಮ್ಮನಿಗೆ ಎಲ್ಲ ನೆನಪಿಗೆ ಬಂತು, ಆ ರಾತ್ರಿಯೊಂದನ್ನು ಬಿಟ್ಟು. ಅಕ್ಕ ಒಂಬತ್ತು ದಿನ ಇದ್ದರು. ಹೊರಡುವಾಗ ನಾನು ಕೊಟ್ಟ ಕವರಿನಿಂದ ಒಂಬತ್ತು ದಿನದ ಸುಲಿತದ ಕೂಲಿಯನ್ನು ಲೆಕ್ಕ ಹಾಕಿ ತೆಗೆದುಕೊಂಡು, ಉಳಿದದ್ದನ್ನು ವಾಪಸು ಇಟ್ಟರು. ‘ಅಮ್ಮ ಮನೆಗೆ ಬಂದ ಮೇಲೆ ಸೀರೆ ಕೊಡಿಸ್ತಾರೆ, ಅದು ಬೇರೆ’ ಅಂದರು.

ಮೇ ತಿಂಗಳಲ್ಲಿ ಊರಿಗೆ ಹೋದಾಗ ಆ ಲೋಟ ಗೂಡಿನಲ್ಲೇ ಇತ್ತು. ತೆಗೆದು ಒಳಗಿನ ಲೋಟಗಳ ಜತೆ ಸೇರಿಸಿದೆ. ಅಮ್ಮ ನೋಡಿದಳು, ಏನೂ ಅನ್ನಲಿಲ್ಲ. ಮಾರನೇ ದಿನ ಅಕ್ಕ ಬಂದು ಗೂಡು ತಡಕಿ, ‘ನನ್ನ ಲೋಟ ಎಲ್ಲಿ ಹೋಯ್ತು?’ ಅಂತ ಕೇಳಿದರು. ಏನು ಹೇಳಬೇಕೋ ಗೊತ್ತಾಗದೆ, ಒಳಗೆ ಬನ್ನಿ ಅಂದೆ. ಬಂದರು, ಆದರೆ ಕೂರಲಿಲ್ಲ. ಅಡುಗೆ ಮನೆ ಬಾಗಿಲಿಗೆ ಒರಗಿ ನಿಂತೇ ಕುಡಿದು ಹೋದರು.

ಅವರಿಗೆ ಓದಲು ಬರುವುದಿಲ್ಲ. ಮುಂದಿನ ವಾರ ಊರಿಗೆ ಹೋದಾಗ ಇದನ್ನು ಓದಿ ಹೇಳುತ್ತೇನೆ. ಲೋಟದ ಭಾಗವನ್ನೂ ಓದುತ್ತೇನೆ.

ಇದೇ ಹುಡುಕಾಟದಲ್ಲಿರುವವರು ಸಂಕೋಚವಿಲ್ಲದೆ ಫೋನ್ ಮಾಡಿ. ಯಾವ ಆಸ್ಪತ್ರೆ ಒಳ್ಳೆಯದು ಅಂತ ಹೇಳುವಷ್ಟು ತಿಳಿದವನಲ್ಲ, ಆದರೆ ಆ ಮೂರು ಪ್ರಶ್ನೆ ನಿಮಗೆ ಕೊಡಬಲ್ಲೆ. ಜತೆಗೆ ಒಂದು ಮಾತು: ಡಾಕ್ಟರು ನಿಮ್ಮ ತಾಯಿಯನ್ನು ಕೇಳುವ ಮೊದಲು ನೀವೇ ಕೇಳಿ.

ಅಂದ ಹಾಗೆ, ಊಟ ಕಳಿಸಿದವರ ಟಿಫಿನ್ ಕ್ಯಾರಿಯರ್‌ಗಳು ಆರು ಇನ್ನೂ ನಮ್ಮಲ್ಲೇ ಇವೆ. ನೀಲಿ ಹಿಡಿಯದು ಯಾರದು ಅಂತ ಎಷ್ಟು ವಿಚಾರಿಸಿದರೂ ಗೊತ್ತಾಗಿಲ್ಲ. ಅದರಲ್ಲಿ ಬಂದ ಮೆಂತ್ಯದ ತಂಬುಳಿಯನ್ನು ಅಮ್ಮ ಈಗಲೂ ಕೇಳುತ್ತಾಳೆ. ಯಾರದು ಅಂತ ಹೇಳಿ, ತಂದು ಕೊಡುತ್ತೇನೆ.