ಶುಗರ್ ನೋಡುವವರು ಪಾದವನ್ನೂ ನೋಡಲಿ

ಮಾನ್ಯ ಸಂಪಾದಕರೇ,

ವಿಶ್ವ ಮಧುಮೇಹ ದಿನ, ಅಂದರೆ ನವೆಂಬರ್ 14 ಹತ್ತಿರ ಬಂದರೆ ನಮ್ಮ ಕಡೆ ಅಲ್ಲಲ್ಲಿ ಉಚಿತ ಶುಗರ್ ತಪಾಸಣೆ ಶಿಬಿರಗಳು ನಡೆಯುತ್ತವೆ. ಶಾಲೆಯ ವರಾಂಡದಲ್ಲೋ ಸಮುದಾಯ ಭವನದಲ್ಲೋ ಟೇಬಲ್ ಹಾಕಿ, ಬೆರಳಿಗೆ ಸೂಜಿ ಚುಚ್ಚಿ, ನಂಬರ್ ಬರೆದು ಚೀಟಿ ಕೊಡುತ್ತಾರೆ. ಬಿಪಿ, ತೂಕ ನೋಡುತ್ತಾರೆ. ಒಳ್ಳೆಯ ಕೆಲಸ, ನಡೆಯಲಿ. ಆದರೆ ಹತ್ತು ಹದಿನೈದು ವರ್ಷದಿಂದ ಶುಗರ್ ಇರುವವರು ಬಂದು ಕೂತರೂ "ಚಪ್ಪಲಿ ಬಿಡಿ, ಪಾದ ತೋರಿಸಿ" ಅಂತ ಕೇಳುವವರನ್ನು ನಾನು ಅಲ್ಲಿ ಕಂಡಿಲ್ಲ. ಈ ಪತ್ರ ಬರೆಯುತ್ತಿರುವುದು ಅದಕ್ಕೇ.

ನಾನು ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವಳು. ಡ್ರೆಸಿಂಗ್ ರೂಮಿನಲ್ಲೇ ಬಹಳ ವರ್ಷ ಕೆಲಸ ಮಾಡಿದ್ದೇನೆ. ಅಲ್ಲಿಗೆ ಬರುವ ಶುಗರ್ ಪೇಷೆಂಟುಗಳು ಸಾಮಾನ್ಯವಾಗಿ ಹೇಳುವ ಮಾತು, "ಏನೂ ಇಲ್ಲ ಸಿಸ್ಟರ್, ನೋವೇ ಇಲ್ಲ." ಸುತ್ತಿದ ಬಟ್ಟೆ ಬಿಚ್ಚಿದರೆ ಅಂಗಾಲಿನಲ್ಲಿ ಬೆರಳು ಹೋಗುವಷ್ಟು ಗುಂಡಿ. ಕೆಲವರಿಗೆ ಗಾಯ ಆಗಿರುವುದೇ ಗೊತ್ತಿರುತ್ತಿರಲಿಲ್ಲ. ಮನೆಯಲ್ಲಿ ಯಾರೋ ನೆಲದ ಮೇಲೆ ರಕ್ತದ ಕಲೆ ನೋಡಿ ಕರೆದುಕೊಂಡು ಬಂದಿರುತ್ತಿದ್ದರು. ಅಷ್ಟು ದೊಡ್ಡ ಗಾಯಕ್ಕೆ ನೋವಿಲ್ಲ ಅಂದರೆ ಭಯಪಡಬೇಕು.

ವರ್ಷಗಟ್ಟಲೆ ಶುಗರ್ ಜಾಸ್ತಿ ಇದ್ದರೆ ಕಾಲಿನ ನರಗಳು ಸೊರಗುತ್ತವೆ. ಮೊದಲು ಜೋಮು, ಉರಿ, ರಾತ್ರಿ ಹೊತ್ತು ಚುಚ್ಚಿದ ಹಾಗೆ. ಕ್ರಮೇಣ ಅದೂ ನಿಂತುಹೋಗಬಹುದು. ಉರಿ ಹೋಯಿತು, ವಾಸಿಯಾಯಿತು ಅಂತ ಖುಷಿಪಡುವವರನ್ನು ನೋಡಿದ್ದೇನೆ. ಎಷ್ಟೋ ಸಲ ಅವರ ಪಾದದ ಸ್ಪರ್ಶವೇ ಹೋಗಿರುತ್ತದೆ. ನಡೆಯುವಾಗ ಹವಾಯಿ ಚಪ್ಪಲಿ ಕಾಲಿನಿಂದ ಕಳಚಿ ಹಿಂದೆ ಉಳಿದರೂ ಗೊತ್ತಾಗುವುದಿಲ್ಲ. ಸ್ಪರ್ಶ ಇರುವ ಕಾಲಿಗೆ ಮುಳ್ಳು ಚುಚ್ಚಿದರೆ ನಾವು ಕುಂಟುತ್ತೇವೆ, ಆ ಕಾಲಿಗೆ ವಿಶ್ರಾಂತಿ ಸಿಗುತ್ತದೆ. ಇವರು ಅದೇ ಗಾಯದ ಮೇಲೆ ದಿನವಿಡೀ ನಡೆಯುತ್ತಾರೆ. ಕಾಲಿಗೆ ರಕ್ತ ಸರಿಯಾಗಿ ಹರಿಯದಿದ್ದರೆ, ಜೊತೆಗೆ ಬೀಡಿ ಸಿಗರೇಟೂ ಇದ್ದರೆ, ಗಾಯ ಮಾಯುವುದು ಇನ್ನೂ ಕಷ್ಟ. ಕೀವು ಮೂಳೆಗೆ ಇಳಿಯುತ್ತದೆ, ಮಾಂಸ ಸತ್ತು ಕೊಳೆತು ಗ್ಯಾಂಗ್ರೀನ್ ಆಗುತ್ತದೆ. ಶುಗರ್‌ನಿಂದ ಕಾಲು ಕಳೆದುಕೊಂಡವರಲ್ಲಿ ನೂರಕ್ಕೆ ಸುಮಾರು 85 ಮಂದಿಗೆ ಅದು ಶುರುವಾಗುವುದು ಪಾದದ ಒಂದು ಹುಣ್ಣಿನಿಂದ. ಆ ಹುಣ್ಣು ಆಗದಂತೆ ಬಹುಮಟ್ಟಿಗೆ ತಡೆಯಬಹುದು. ನನಗೆ ಸಂಕಟ ಆಗುವುದು ಇಲ್ಲೇ.

ನಮ್ಮಲ್ಲಿ ಬರಿಗಾಲಲ್ಲಿ ಓಡಾಡುವುದು ಜಾಸ್ತಿ. ಮನೆಯೊಳಗೆ, ಹಿತ್ತಲಲ್ಲಿ, ಗದ್ದೆಯಲ್ಲಿ ಚಪ್ಪಲಿ ಇಲ್ಲ. ಏಪ್ರಿಲ್ ಬಿಸಿಲಿನ ಮಧ್ಯಾಹ್ನ ದೇವಸ್ಥಾನದ ಕಲ್ಲು ಹಾಸಿನ ಮೇಲೆ ಪ್ರದಕ್ಷಿಣೆ ಹಾಕಿ, ಸಂಜೆ ಅಂಗಾಲಿನ ತುಂಬ ಬೊಬ್ಬೆ ಎದ್ದ ಮೇಲೆ ಬಂದವರಿಗೆ ಡ್ರೆಸಿಂಗ್ ಮಾಡಿದ್ದೇನೆ. ಚಳಿಗಾಲದಲ್ಲಿ ಬಚ್ಚಲ ಒಲೆಯ ಮುಂದೆ ಕಾಲು ಚಾಚಿ ಸುಟ್ಟುಕೊಂಡವರಿದ್ದಾರೆ. ಆಣಿಯನ್ನು ಬ್ಲೇಡಿನಿಂದ ಕೆತ್ತುವವರು, ಮೆಡಿಕಲ್ ಶಾಪಿನಲ್ಲಿ ಆಣಿ ಪಟ್ಟಿ ತಂದು ಅಂಟಿಸಿಕೊಳ್ಳುವವರು ಇನ್ನೂ ಹೆಚ್ಚು. ಆ ಪಟ್ಟಿಯಲ್ಲಿರುವ ಆಸಿಡ್ ಆಣಿಯ ಜೊತೆಗೆ ಸುತ್ತಲಿನ ಒಳ್ಳೆಯ ಚರ್ಮವನ್ನೂ ತಿನ್ನುತ್ತದೆ. ಸ್ಪರ್ಶ ಇಲ್ಲದ ಕಾಲಿಗೆ ಅದನ್ನು ಹಾಕಲೇಬಾರದು. ಮುಜರಾಯಿ ಇಲಾಖೆಯ ದೇವಸ್ಥಾನಗಳಲ್ಲಿ ಬೇಸಿಗೆಯಲ್ಲಿ ಪ್ರದಕ್ಷಿಣೆಯ ದಾರಿಗೆ ನೆರಳು ಮಾಡಿ, ತೆಂಗಿನ ನಾರಿನ ಚಾಪೆ ಹಾಸುವುದು ಕಷ್ಟದ ಕೆಲಸ ಅಲ್ವಲ್ಲ. ಕೆಲವು ಕಡೆ ಹಾಸುತ್ತಾರೆ, ಎಲ್ಲ ಕಡೆಯೂ ಹಾಸಲಿ.

ಪಾದ ಪರೀಕ್ಷೆಗೆ ದೊಡ್ಡ ಯಂತ್ರ ಏನೂ ಬೇಡ. ಮೋನೋಫಿಲಮೆಂಟ್ ಅಂತ ಒಂದು ನೈಲಾನ್ ಎಳೆ ಇದೆ. 10 ಗ್ರಾಂ ಒತ್ತಡ ಬಿದ್ದ ಕೂಡಲೇ ಬಾಗುತ್ತದೆ. ಪೇಷೆಂಟ್ ಕಣ್ಣು ಮುಚ್ಚಿಕೊಂಡಾಗ ಅಂಗಾಲಿನ ಬೇರೆ ಬೇರೆ ಜಾಗಕ್ಕೆ ಅದನ್ನು ಮುಟ್ಟಿಸಬೇಕು. ಗೊತ್ತಾದರೆ "ಹೂಂ" ಅನ್ನುತ್ತಾರೆ. ಗೊತ್ತಾಗದಿದ್ದರೆ ಆ ಪಾದಕ್ಕೆ ಅಪಾಯ ಇದೆ ಅಂತ ಅರ್ಥ. ಕೆಲವೇ ನಿಮಿಷದ ಕೆಲಸ, ಆಶಾ ಕಾರ್ಯಕರ್ತೆಯರಿಗೂ ಕಲಿಸಬಹುದು. 2023ರಲ್ಲಿ ಪ್ರಕಟವಾದ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಅಧ್ಯಯನದ ಪ್ರಕಾರ ದೇಶದಲ್ಲಿ 10.1 ಕೋಟಿ ಜನರಿಗೆ ಶುಗರ್ ಇದೆ. ಇಷ್ಟು ಜನರ ಪಾದವನ್ನು ದೊಡ್ಡ ಆಸ್ಪತ್ರೆಗಳೇ ನೋಡಲಿ ಅಂದರೆ ಆಗುವ ಮಾತಲ್ಲ. 2024ರಲ್ಲಿ ಕೋಲಾರದಲ್ಲಿ ಶುರುವಾದ ನಮ್ಮ ರಾಜ್ಯದ ಗೃಹ ಆರೋಗ್ಯ ಯೋಜನೆಯಲ್ಲಿ ಸಿಬ್ಬಂದಿ ಮನೆ ಬಾಗಿಲಿಗೇ ಬಂದು ಬಿಪಿ, ಶುಗರ್ ನೋಡುತ್ತಾರೆ. ಅವರ ಕೈಚೀಲದಲ್ಲಿ ಈ ಎಳೆಯೂ ಇರಲಿ. ಸರ್ಕಾರದ 'ನಮ್ಮ ಕ್ಲಿನಿಕ್‌'ಗಳಲ್ಲಿ, ಬಿಪಿ, ಶುಗರ್‌ನಂಥ ಕಾಯಿಲೆ ನೋಡುವ ತಾಲೂಕು ಆಸ್ಪತ್ರೆಯ ಎನ್‌ಸಿಡಿ ಕ್ಲಿನಿಕ್‌ಗಳಲ್ಲಿ ಶುಗರ್ ಪೇಷೆಂಟಿನ ಪುಸ್ತಕದಲ್ಲಿ ಪಾದಕ್ಕೂ ಒಂದು ಕಾಲಂ ಇರಲಿ. ವರ್ಷಕ್ಕೊಮ್ಮೆ ಕಣ್ಣಿನ ರೆಟಿನಾ ನೋಡಿಸುವುದು, ಕಿಡ್ನಿಗಾಗಿ ಮೂತ್ರದ ಆಲ್ಬುಮಿನ್ ಮತ್ತು ರಕ್ತದ ಕ್ರಿಯಾಟಿನಿನ್ ಪರೀಕ್ಷೆ ಮಾಡಿಸುವುದು ಕೂಡ ಅಷ್ಟೇ ಮುಖ್ಯ. ಅವುಗಳ ಬಗ್ಗೆ ಡಾಕ್ಟರು ಆಗಾಗ ಹೇಳುತ್ತಾರೆ. ಪಾದದ ಮಾತು ಮಾತ್ರ ಬಿಟ್ಟುಹೋಗುತ್ತದೆ.

ಆರೋಗ್ಯ ಇಲಾಖೆಗೆ ಇನ್ನೊಂದು ಕೋರಿಕೆ ಇದೆ. ಕುಷ್ಠರೋಗದಿಂದ ಪಾದದ ಸ್ಪರ್ಶ ಕಳೆದುಕೊಂಡವರಿಗೆ ಸರ್ಕಾರ ಎಂಸಿಆರ್ ಚಪ್ಪಲಿ ಕೊಡುತ್ತದೆ. ಮೆತ್ತಗಿನ ವಿಶೇಷ ರಬ್ಬರಿನ ಅಟ್ಟೆ, ಹಿಮ್ಮಡಿಗೆ ಪಟ್ಟಿ, ಕಾಲಿನಿಂದ ಜಾರುವುದಿಲ್ಲ. ಮೊಳೆ ಹೊಡೆದಿರುವುದಿಲ್ಲ. ಆ ಚಪ್ಪಲಿ ಹಾಕಿಕೊಂಡು ಹುಣ್ಣು ಮತ್ತೆ ಬಾರದೆ ಇದ್ದವರನ್ನು ನಾನು ಕಂಡಿದ್ದೇನೆ. ಶುಗರ್‌ನಿಂದ ಸ್ಪರ್ಶ ಹೋದ ಪಾದಕ್ಕೆ ಬೇಕಾಗಿರುವುದೂ ಅಂಥದ್ದೇ ಚಪ್ಪಲಿ. ಕೂಲಿ ಮಾಡುವವರು ಅದನ್ನು ಹುಡುಕಿ, ದುಡ್ಡು ಕೊಟ್ಟು ತರುವುದು ಎಲ್ಲಿಂದ? ಮಾಡುವ ಕ್ರಮ ಗೊತ್ತಿದೆ, ಹಂಚುವ ವ್ಯವಸ್ಥೆಯೂ ಇದೆ. ಪರೀಕ್ಷೆಯಲ್ಲಿ ಸ್ಪರ್ಶ ಇಲ್ಲ ಅಂತ ಗೊತ್ತಾದ ಬಡ ಶುಗರ್ ಪೇಷೆಂಟುಗಳಿಗೂ ಅದನ್ನು ಕೊಡಿ. ಕಾಲು ಕತ್ತರಿಸುವ ಆಪರೇಷನ್ನಿಗೆ, ಆಮೇಲಿನ ಕೃತಕ ಕಾಲಿಗೆ ಆಗುವ ಖರ್ಚಿಗೆ ಹೋಲಿಸಿದರೆ ಇದು ತೀರಾ ಕಡಿಮೆ. ಇನ್ನು ದುಡಿಯುವ ಒಬ್ಬರು ಮನೆಯಲ್ಲಿ ಕೂತರೆ ಆ ಸಂಸಾರಕ್ಕೆ ಆಗುವ ನಷ್ಟವನ್ನು ಯಾರು ತುಂಬುತ್ತಾರೆ?

ಇದೆಲ್ಲ ಆಗುವವರೆಗೆ ಓದುಗರು ಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು. ಶುಗರ್ ಇರುವ ಅಪ್ಪ ಅಮ್ಮ, ಅಜ್ಜ ಅಜ್ಜಿಯರನ್ನು ಕಣ್ಣು ಮುಚ್ಚಿ ಮಲಗಲು ಹೇಳಿ. ಎರಡೂ ಕಾಲಿನ ಹೆಬ್ಬೆರಳು, ನಡು ಬೆರಳು, ಕಿರುಬೆರಳುಗಳ ತುದಿಯನ್ನು ನಿಮ್ಮ ತೋರುಬೆರಳಿನಿಂದ ಹಗುರವಾಗಿ ಒಂದೆರಡು ಸೆಕೆಂಡು ಮುಟ್ಟಿ. ಒತ್ತಬೇಡಿ, ಸವರಬೇಡಿ. ಆರರಲ್ಲಿ ಎರಡು ಅಥವಾ ಹೆಚ್ಚು ಕಡೆ ಗೊತ್ತಾಗದಿದ್ದರೆ ಡಾಕ್ಟರಿಗೆ ತೋರಿಸಿ. ದಿನಾ ಮಲಗುವ ಮುಂಚೆ ಅಂಗಾಲು, ಬೆರಳ ಸಂದು ನೋಡಿ. ಬಗ್ಗಲು ಆಗದವರಿಗೆ ಮನೆಯವರು ನೋಡಲಿ. ಚರ್ಮ ಒಡೆಯದಂತೆ ಕೊಬ್ಬರಿ ಎಣ್ಣೆ ಹಚ್ಚಬಹುದು, ಆದರೆ ಬೆರಳ ಸಂದಿಗೆ ಬೇಡ, ಆ ಜಾಗ ಒಣಗಿರಬೇಕು. ಮನೆಯೊಳಗೂ ಚಪ್ಪಲಿ ಇರಲಿ. ಹಾಕಿಕೊಳ್ಳುವ ಮುಂಚೆ ಒಳಗೆ ಕಲ್ಲು, ಮುಳ್ಳು ಇದೆಯಾ ಅಂತ ಕೈಯಾಡಿಸಿ ನೋಡಿ.

ಗಾಯ ಕಂಡರೆ ಅರಿಶಿನ, ಕಾಫಿ ಪುಡಿ, ಬೂದಿ ಮೆತ್ತಬೇಡಿ. ಶುದ್ಧ ನೀರಿನಲ್ಲಿ ತೊಳೆದು, ಒಗೆದ ಬಟ್ಟೆ ಸುತ್ತಿ, ಆ ಕಾಲು ಊರದೆ ಅವತ್ತೇ ಆಸ್ಪತ್ರೆಗೆ ಹೋಗಿ. ಗಾಯವೇ ಇಲ್ಲದೆ ಒಂದು ಪಾದ ಮಾತ್ರ ಊದಿ, ಕೆಂಪಾಗಿ, ಮುಟ್ಟಿದರೆ ಬಿಸಿ ಇದ್ದರೂ ತಡ ಮಾಡಬೇಡಿ. ನೋವಿಲ್ಲದೆಯೇ ಒಳಗಿನ ಮೂಳೆ ಮುರಿದಿರಬಹುದು.

ಇತಿ,
ಒಬ್ಬ ನಿವೃತ್ತ ನರ್ಸ್, ಹಾಸನ ಜಿಲ್ಲೆ