ರಾಜಾ ರಾಮಣ್ಣ ವಿಚಾರ ಸಂಕಿರಣಕ್ಕೆ ದುಡಿದವರಿಗೆ, ಬಂದವರಿಗೆ

ಸಂಕಿರಣ ಮುಗಿದು ನಾಲ್ಕು ದಿನವಾಯಿತು. ಸಭಾಂಗಣಕ್ಕೆ ಹೊತ್ತು ತಂದಿದ್ದ ಬೆಂಚುಗಳು ತರಗತಿಗಳಿಗೆ ಮರಳಿವೆ, ಬಾಡಿಗೆ ಪಾತ್ರೆಗಳನ್ನು ಎಣಿಸಿ ಹಿಂತಿರುಗಿಸಿದ್ದಾಗಿದೆ. ಅಂದು ವಂದನಾರ್ಪಣೆಗೆ ನನಗೆ ಸಿಕ್ಕಿದ್ದು ಐದೇ ನಿಮಿಷ. ಆಗ ಹೇಳಲಾಗದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಪರಮಾಣು ವಿಜ್ಞಾನಿ ರಾಜಾ ರಾಮಣ್ಣ ಹುಟ್ಟಿದ್ದು 1925ರ ಜನವರಿ 28ರಂದು, ನಮ್ಮ ತುಮಕೂರಿನಲ್ಲಿ. ಅವರ ಜನ್ಮಶತಮಾನೋತ್ಸವಕ್ಕೆ ಏನಾದರೂ ಮಾಡೋಣ ಎಂದು ವಿಭಾಗದಲ್ಲಿ ಮಾತು ಬಂದಾಗ ಎಲ್ಲರಿಗೂ ಮೊದಲು ನೆನಪಾದದ್ದು 1974ರ ಮೇ 18, ಪೋಖ್ರಾನ್: ಅವರ ಮುಂದಾಳತ್ವದಲ್ಲಿ ನಡೆದ ಭಾರತದ ಮೊದಲ ಅಣು ಪರೀಕ್ಷೆ. ಅದು ಸಹಜವೇ. ಆದರೆ ಆ ಒಂದು ಬೆಳಗಿನಾಚೆಗೆ ಈ ಮನುಷ್ಯ ಮಾಡಿದ ಭೌತಶಾಸ್ತ್ರ ಯಾವುದು ಎಂದು ಕೇಳಿದರೆ ಅವರ ಊರಿನ ಮಕ್ಕಳಿಗೇ ಗೊತ್ತಿಲ್ಲ ಎಂಬುದು ನನ್ನನ್ನು ವರ್ಷಗಳಿಂದ ಕಾಡುತ್ತಿತ್ತು. ಇಡೀ ದಿನ ಆ ಭೌತಶಾಸ್ತ್ರವನ್ನೇ ಮಾತಾಡೋಣ ಎಂಬ ನನ್ನ ಹಟಕ್ಕೆ ಹೆಗಲು ಕೊಟ್ಟ ಸಹೋದ್ಯೋಗಿಗಳಿಗೆ ಮೊದಲ ನಮಸ್ಕಾರ.

ಎರಡನೆಯದು, ಭಿತ್ತಿಚಿತ್ರ ಬರೆದ ಬಿ.ಎಸ್ಸಿ. ವಿದ್ಯಾರ್ಥಿನಿಯರಿಗೆ. ಅವರು ಮೊದಲು ಬರೆದು ತಂದದ್ದು ಅಣಬೆ ಮೋಡ. ಪೋಖ್ರಾನಿನ ಪರೀಕ್ಷೆ ನಡೆದದ್ದು ನೆಲದಡಿಯಲ್ಲಿ, ಅಲ್ಲಿ ಅಂಥ ಮೋಡ ಏಳಲೇ ಇಲ್ಲ ಎಂದು ತಿಳಿಸಿದಾಗ ಮುಖ ಸಣ್ಣದು ಮಾಡಿಕೊಳ್ಳದೆ, ಮರುದಿನ ಬೆಳಿಗ್ಗೆಯ ಹೊತ್ತಿಗೆ ಹೊಸ ಚಿತ್ರದೊಂದಿಗೆ ಬಂದರು: ನೀರಿನ ಕೊಳದ ಆಳದಲ್ಲಿ ನೀಲಿಯಾಗಿ ಹೊಳೆಯುವ ಅಪ್ಸರಾ, ಭಾರತದ ಮೊದಲ ಪರಮಾಣು ರಿಯಾಕ್ಟರ್. 1956ರ ಆಗಸ್ಟ್ 4ರಂದು ಟ್ರಾಂಬೆಯ ಆ ರಿಯಾಕ್ಟರಿನಲ್ಲಿ ಸರಪಳಿ ಕ್ರಿಯೆ ಮೊದಲ ಸಲ ತನ್ನಷ್ಟಕ್ಕೆ ಸಾಗತೊಡಗಿದಾಗ, ಅದರ ಹಿಂದಿದ್ದ ಭೌತವಿಜ್ಞಾನಿಗಳಲ್ಲಿ ಒಬ್ಬರಾಗಿದ್ದ ರಾಮಣ್ಣನವರಿಗೆ 31 ವರ್ಷ. ಆ ಚಿತ್ರಕ್ಕೆ ಚೌಕಟ್ಟು ಹಾಕಿಸಿ ಪ್ರಯೋಗಾಲಯದ ಬಾಗಿಲ ಬಳಿ ತೂಗುಹಾಕಿದ್ದೇವೆ.

ಕಾರ್ಯಕ್ರಮಕ್ಕೆ ಒಂದು ವಾರವಿದೆ ಎನ್ನುವಾಗ ಹಣ ಕೊಡುತ್ತೇವೆಂದಿದ್ದ ಸಂಸ್ಥೆಯೊಂದು ಹಿಂದೆ ಸರಿಯಿತು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಹಳೆಯ ವಿದ್ಯಾರ್ಥಿಗಳಿಗೆ ಸುದ್ದಿ ಹೇಗೆ ಮುಟ್ಟಿತೋ, ಮೂರು ದಿನದೊಳಗೆ ಊಟದ ಖರ್ಚು, ಧ್ವನಿವರ್ಧಕದ ಬಾಡಿಗೆ, ಅತಿಥಿಗಳ ಪ್ರಯಾಣ ಎಲ್ಲವೂ ಹೊಂದಿಕೆಯಾದವು. ಹೆಸರು ಹೇಳಬಾರದೆಂದು ಕಟ್ಟಪ್ಪಣೆ ಮಾಡಿದ್ದೀರಿ, ಹೇಳುವುದಿಲ್ಲ. ಐದು ನೂರು ಕಳಿಸಿದವರೂ ಐದು ಸಾವಿರ ಕಳಿಸಿದವರೂ ನನಗೆ ಒಂದೇ.

ಇನ್ನು ಅಂದು ಉಪನ್ಯಾಸ ಕೊಟ್ಟ ಹಿರಿಯರ ವಿಷಯ. ಟ್ರಾಂಬೆಯ ತರಬೇತಿ ಶಾಲೆಯಲ್ಲಿ ಕಲಿತು, ಅಲ್ಲಿಯೇ ದುಡಿದು ನಿವೃತ್ತರಾದವರು, ಎಂಬತ್ತನ್ನು ದಾಟಿದವರು. ಕಾರು ಕಳಿಸುತ್ತೇವೆಂದರೆ ಬೇಡವೆಂದು ಬೆಂಗಳೂರಿನಿಂದ ಬೆಳಗಿನ ರೈಲಿನಲ್ಲಿ ಬಂದಿಳಿದರು. ವಿದಳನದಲ್ಲಿ, ಎಂದರೆ ಪರಮಾಣುವಿನ ನ್ಯೂಕ್ಲಿಯಸ್ ಎರಡಾಗಿ ಒಡೆಯುವಾಗ, ಸಿಡಿಯುವ ತುಂಡುಗಳ ದಿಕ್ಕಿಗೂ ಅವುಗಳಿಂದ ಹೊರಬೀಳುವ ನ್ಯೂಟ್ರಾನುಗಳ ದಿಕ್ಕಿಗೂ ಇರುವ ನಂಟನ್ನು ರಾಮಣ್ಣ ಮತ್ತು ಅವರ ಜೊತೆಗಾರರು ಹೇಗೆ ಅಳೆದರು ಎಂಬುದನ್ನು ಒಂದು ಗಂಟೆ ನಿಂತೇ ವಿವರಿಸಿದರು, ಅದೂ ಕನ್ನಡದಲ್ಲಿ.

ಆದರೆ ನಿಜವಾದ ಪಾಠ ನಡೆದದ್ದು ಅಡುಗೆಮನೆಯಲ್ಲಿ. ಯುರೇನಿಯಂ 235 ನಿಧಾನಗತಿಯ ನ್ಯೂಟ್ರಾನನ್ನು ನುಂಗಿ ಒಡೆಯುವಾಗ ಸಾಮಾನ್ಯವಾಗಿ ಸಮಪಾಲಾಗುವುದಿಲ್ಲ, ಒಂದು ತುಂಡಿನ ದ್ರವ್ಯರಾಶಿ ಸಂಖ್ಯೆ (ಪ್ರೋಟಾನು, ನ್ಯೂಟ್ರಾನುಗಳ ಒಟ್ಟು ಎಣಿಕೆ) 95ರ ಆಸುಪಾಸು, ಇನ್ನೊಂದರದು 140ರ ಆಸುಪಾಸು. ಏಕೆ ಹಾಗೆ ಎಂದು ಒಬ್ಬ ಹುಡುಗಿ ಊಟದ ಸಾಲಿನಲ್ಲಿ ನಿಂತೇ ಕೇಳಿದಳು. ಹಿರಿಯರು ತಟ್ಟೆ ಕೆಳಗಿಟ್ಟು, ಹೋಳಿಗೆ ತಟ್ಟುತ್ತಿದ್ದ ಅಡುಗೆಯವರ ಹತ್ತಿರ ಹೋಗಿ ಒಂದು ಉಂಡೆ ಕಣಕ ಕೇಳಿ ಪಡೆದರು. ಎಣ್ಣೆಯಲ್ಲಿ ನೆನೆದ ಕಣಕ, ಎಳೆದಷ್ಟೂ ಬರುತ್ತದೆ. ಎರಡು ತುದಿ ಹಿಡಿದು ಮೆಲ್ಲಗೆ ಎಳೆದರು, ನಡುವೆ ಸಣ್ಣ ಕುತ್ತಿಗೆ ಮೂಡಿತು. ‘ಕಡಿಯುವ ಮುಂಚೆ ಈ ಕುತ್ತಿಗೆಯ ದಾರಿಯಲ್ಲಿ ನ್ಯೂಟ್ರಾನು, ಪ್ರೋಟಾನುಗಳು ಅತ್ತಿಂದಿತ್ತ ಹಾಯುತ್ತಿರುತ್ತವಮ್ಮ, ಗೊತ್ತುಗುರಿಯಿಲ್ಲದೆ. ಆ ಹಾಯುವಿಕೆಯನ್ನು ಸಂಭವನೀಯತೆಯ ಲೆಕ್ಕಕ್ಕೆ ತಂದರೆ ತುಂಡುಗಳ ಪಾಲು ತಿಳಿದೀತೇ ಎಂದು ನೋಡಿದವರು ರಾಮಣ್ಣ’ ಎಂದರು. ಅಷ್ಟರಲ್ಲಿ ಕಣಕ ಕಡಿಯಿತು. ಒಂದು ಕೈಯಲ್ಲಿ ದೊಡ್ಡದು, ಒಂದು ಕೈಯಲ್ಲಿ ಚಿಕ್ಕದು. ಸುತ್ತ ನಿಂತಿದ್ದ ಮಕ್ಕಳು ಚಪ್ಪಾಳೆ ಹೊಡೆದರು, ಕಾವಲಿಯ ಮೇಲೆ ಹೋಳಿಗೆ ಸೀಯಿತು. ಮೂವತ್ತು ವರ್ಷ ಪಾಠ ಮಾಡಿದ ನಾನು ವಿದಳನವನ್ನು ಅಷ್ಟು ಹತ್ತಿರದಿಂದ ಕಂಡದ್ದು ಅಂದೇ. ಸರ್, ನಿಮಗೆ ಸಾಷ್ಟಾಂಗ. ಹೋಳಿಗೆ ಸೀದರೂ ನಗುತ್ತಲೇ ಇನ್ನೊಂದು ಉಂಡೆ ಕೊಡಲೇ ಎಂದ ಅಡುಗೆಯ ಅಣ್ಣನವರಿಗೂ.

ಸಂಜೆ ಕೀಬೋರ್ಡಿನಲ್ಲಿ ಮೊಜಾರ್ಟ್ ನುಡಿಸಿದ ಹುಡುಗನಿಗೆ ವಿಶೇಷ ಪ್ರೀತಿ. ರಾಮಣ್ಣ ಪಿಯಾನೋ ನುಡಿಸುತ್ತಿದ್ದರು, ಭಾರತದ ಪರಮಾಣು ಕಾರ್ಯಕ್ರಮವನ್ನು ಕಟ್ಟಿದ ಹೋಮಿ ಭಾಭಾ ಅವರೊಂದಿಗೆ ಪರಿಚಯ ಬೆಳೆದದ್ದೂ ಸಂಗೀತದ ನಂಟಿನಿಂದಲೇ. ನಡುವೆ ವಿದ್ಯುತ್ ಹೋದಾಗ ಮೊಬೈಲ್ ಬೆಳಕು ಹಿಡಿದು ನಿಂತ ಅವನ ಅಮ್ಮನಿಗೂ ನಮಸ್ಕಾರ.

ನಿನ್ನೆ ಅಂಚೆಯಲ್ಲಿ ಒಂದು ದಪ್ಪ ಲಕೋಟೆ ಬಂತು. ರಾಮಣ್ಣನವರ ತಂಡ ಅರುವತ್ತರ ದಶಕದಲ್ಲಿ ಪ್ರಕಟಿಸಿದ ವಿದಳನದ ಪ್ರಬಂಧಗಳ ನೆರಳಚ್ಚು, ಅಂಚಿನಲ್ಲಿ ಹಿರಿಯರ ಕೈಬರಹದ ಕನ್ನಡ ಟಿಪ್ಪಣಿಗಳು. ಮೇಲೆ ಅಂಟಿಸಿದ ಚೀಟಿಯಲ್ಲಿ ‘ಆ ಹುಡುಗಿಗೆ’ ಎಂದಷ್ಟೇ ಬರೆದಿದ್ದಾರೆ. ಅವಳಿಗೆ ಒಂದು ಪ್ರತಿ ಕೊಟ್ಟಾಗಿದೆ. ಇನ್ನೊಂದನ್ನು ವಿಭಾಗದ ಗ್ರಂಥಾಲಯದಲ್ಲಿ ಇಟ್ಟಿದ್ದೇವೆ, ಓದಬೇಕೆನ್ನುವವರು ಬನ್ನಿ.