ಹೆರಿಗೆ ಕೋಣೆಯೊಳಗೆ ಒಬ್ಬ ಹೆಂಗಸನ್ನು ಬಿಡಿ: ನಮ್ಮ ಶಾಸಕರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಶಾಸಕರಿಗೆ,

ನಮಸ್ಕಾರಗಳು.

ವಿಷಯ: ಸರ್ಕಾರಿ ಆಸ್ಪತ್ರೆಗಳಲ್ಲಿ ಹೆರಿಗೆಯ ಹೊತ್ತಿಗೆ ಬಸುರಿಯ ಜೊತೆ ಅವಳ ಕಡೆಯ ಒಬ್ಬ ಹೆಂಗಸನ್ನು ಒಳಗೆ ಬಿಡುವ ಬಗ್ಗೆ ಮತ್ತು ನಮ್ಮ ಬಸ್ತಿಗಳಿಗೆ ತರಬೇತಾದ ಸೂಲಗಿತ್ತಿಯರನ್ನು ಕೊಡುವ ಬಗ್ಗೆ.

ಇದೇ ವಿಷಯದ ಅರ್ಜಿಯನ್ನು ಮರಾಠಿಯಲ್ಲಿ ಬರೆದು ನಿಮ್ಮ ಕಚೇರಿಗೆ ಕೊಟ್ಟಿದ್ದೇನೆ. ಸ್ವೀಕರಿಸಿದ್ದಕ್ಕೆ ಮೊಹರು ಬಿತ್ತು, ಉತ್ತರ ಬರಲಿಲ್ಲ. ಕೇಳಲು ಹೋದರೆ ‘ಸಾಹೇಬರು ನೋಡುತ್ತಾರೆ’ ಎಂದು ಕಳಿಸಿದರು, ಮತ್ತೆ ಹೋದಾಗಲೂ ಅದೇ ಮಾತು. ಈಗ ಕನ್ನಡದಲ್ಲೇ, ಎಲ್ಲರೂ ಓದುವಂತೆ ಬರೆಯುತ್ತಿದ್ದೇನೆ. ಚುನಾವಣೆಯಲ್ಲಿ ನಿಮ್ಮ ಕಡೆಯವರು ನಮ್ಮ ಗಲ್ಲಿಗಳಲ್ಲಿ ಹಂಚಿದ ಕರಪತ್ರವೂ ಕನ್ನಡದಲ್ಲೇ ಇತ್ತು. ಮತ ಕೇಳಲು ನಿಮಗೆ ಕನ್ನಡ ಓದಿಸುವವರು ಸಿಕ್ಕಿದ್ದಾರೆ. ಈ ಪತ್ರ ಓದಿ ಹೇಳುವುದಕ್ಕೂ ಅವರೇ ಸಾಕು.

ನಾನು ಮುಂಬಯಿಯ ಪಾಲಿಕೆ ಕನ್ನಡ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತಳಾದವಳು. ಹಾರ್ಬರ್ ಲೋಕಲ್ ರೈಲು ಲೈನ್ ಪಕ್ಕದ ನಮ್ಮ ಬಸ್ತಿಯಲ್ಲಿ ಯಾದಗಿರಿ, ಕಲಬುರಗಿ, ವಿಜಯಪುರದ ಕಡೆಯಿಂದ ಬಂದ ಮನೆಗಳೇ ಹೆಚ್ಚು. ಗಂಡಸರು ಬೆಳಿಗ್ಗೆ ನಾಕಾದಲ್ಲಿ ನಿಂತು ಕೂಲಿ ಹಿಡಿಯುತ್ತಾರೆ, ಹೆಂಗಸರು ಬಿಲ್ಡಿಂಗುಗಳಲ್ಲಿ ಪಾತ್ರೆ ಬಟ್ಟೆ ತೊಳೆಯುತ್ತಾರೆ. ಮರಾಠಿ ಬರುತ್ತದೆಂಬ ಕಾರಣಕ್ಕೆ ಬಸುರಿಯರ ಜೊತೆ ಆಸ್ಪತ್ರೆಗೆ ಹೋಗುವ ಕೆಲಸ ನನ್ನ ಪಾಲಿಗೆ ಬಂದಿದೆ. ಕೇಸ್ ಪೇಪರ್ ಮಾಡಿಸುತ್ತೇನೆ, ಡಾಕ್ಟರು ಹೇಳಿದ್ದನ್ನು ತಿಳಿಸಿ ಹೇಳುತ್ತೇನೆ. ಆದರೆ ಬ್ಯಾನಿ, ಅಂದರೆ ಹೆರಿಗೆ ನೋವು, ಶುರುವಾಗಿ, ನಾನು ಅವರಿಗೆ ನಿಜವಾಗಿ ಬೇಕಾಗುವ ಹೊತ್ತಿಗೆ, ಬಾಗಿಲು ಮುಚ್ಚಿಕೊಳ್ಳುತ್ತದೆ.

ನನ್ನ ಬೇಡಿಕೆ ದೊಡ್ಡದಲ್ಲ. ಆ ಬಾಗಿಲೊಳಗೆ ಒಬ್ಬ ಹೆಂಗಸನ್ನು ಬಿಡಿ.

ಇದು ಹೊಸ ನಿಯಮವೂ ಅಲ್ಲ. ಕೇಂದ್ರ ಆರೋಗ್ಯ ಸಚಿವಾಲಯ 2016ರ ಫೆಬ್ರುವರಿಯಲ್ಲೇ ಸರ್ಕಾರಿ ಆಸ್ಪತ್ರೆಗಳಲ್ಲಿ ಹೆರಿಗೆ ಸಂಗಾತಿಗೆ ಅವಕಾಶ ಕೊಟ್ಟಿದೆ. ಸಂಗಾತಿಯಾಗುವವಳು ತಾನೂ ಹೆರಿಗೆ ಕಂಡವಳಾಗಿರಬೇಕು, ಅಂಟುರೋಗ ಇರಬಾರದು, ಶುಭ್ರವಾದ ಬಟ್ಟೆ ಉಡಬೇಕು, ಹೆರಿಗೆ ಮುಗಿಯುವವರೆಗೂ ಜೊತೆಗಿರಬೇಕು, ಸಿಬ್ಬಂದಿಯ ಕೆಲಸಕ್ಕೆ ಅಡ್ಡ ಬರಬಾರದು. ಇದೆಲ್ಲ ನಿಮಗೆ ಗೊತ್ತಿರುವುದೇ. ತಮಿಳುನಾಡು ಇದನ್ನು 2004ರಲ್ಲೇ ಶುರು ಮಾಡಿತ್ತು ಎಂಬುದೂ ಗೊತ್ತಿರಬೇಕು. ಗೊತ್ತಿದ್ದೂ ನಮ್ಮಲ್ಲೇಕೆ ಆಗಲಿಲ್ಲ ಎಂಬುದಕ್ಕೆ ನೀವೇ ಉತ್ತರ ಕೊಡಬೇಕು.

ಒಬ್ಬ ಹುಡುಗಿಯ ಕಥೆ ಹೇಳುತ್ತೇನೆ. ಹೆಸರು ಬೇಡ, ಆಸ್ಪತ್ರೆಯ ಹೆಸರೂ ಬೇಡ, ಏಕೆಂದರೆ ಇದು ಒಂದೇ ಆಸ್ಪತ್ರೆಯ ಕಥೆಯಲ್ಲ. ಯಾದಗಿರಿ ಜಿಲ್ಲೆಯ ಹಳ್ಳಿಯಿಂದ ಮದುವೆಯಾಗಿ ನಮ್ಮ ಗಲ್ಲಿಗೆ ಬಂದವಳು. ಕನ್ನಡ ಬಿಟ್ಟರೆ ಬೇರೆ ಭಾಷೆ ಬಾರದು. ಚೊಚ್ಚಲ ಹೆರಿಗೆಗೆ ತವರಿಗೆ ಹೋಗಬೇಕಿತ್ತು. ಕುಬಸವಾದ ಮೇಲೆ ಕಾಲು ಬಾತುಕೊಂಡವು, ಬಿಪಿ ಏರಿತು, ಪ್ರಯಾಣ ಬೇಡ ಎಂದರು ಡಾಕ್ಟರು. ಅವರು ಹೇಳಿದ್ದು ಸರಿಯಾಗಿಯೇ ಇತ್ತು. ಮಗಳು ಬರುವಂತಿಲ್ಲ ಎಂದು ತಿಳಿದದ್ದೇ ತಾಯಿ ಯಾದಗಿರಿಯಲ್ಲಿ ರೈಲು ಹತ್ತಿ, ಸೊಲ್ಲಾಪುರ, ಪುಣೆ ದಾಟಿ ಇಲ್ಲಿಗೆ ಬಂದಳು. ಆ ತಾಯಿ ತಮ್ಮೂರಿನ ಸೂಲಗಿತ್ತಿ. ಊರಿನ ಅರ್ಧದಷ್ಟು ಮಕ್ಕಳನ್ನು ಮೊದಲು ಎತ್ತಿಕೊಂಡವಳು ಅವಳೇ.

ಬ್ಯಾನಿ ಶುರುವಾಗಿದ್ದು ಸಂಜೆ. ಆಸ್ಪತ್ರೆಯ ಬಾಗಿಲಲ್ಲಿ ವಾಚ್‌ಮನ್ ಕೈ ಅಡ್ಡ ಹಿಡಿದು ಪೇಶಂಟ್ ಒಬ್ಬಳೇ ಎಂದ. ನಾನು ಮರಾಠಿಯಲ್ಲಿ ವಿನಂತಿ ಮಾಡಿದೆ, ಹುಡುಗಿಗೆ ಭಾಷೆ ಬರುವುದಿಲ್ಲ, ತಾಯಿಯನ್ನಾದರೂ ಬಿಡಿ ಎಂದೆ. ಡ್ಯೂಟಿಯಲ್ಲಿದ್ದ ಸಿಸ್ಟರ್‌ಗೆ 2016ರ ಆದೇಶದ ವಿಷಯ ಹೇಳಿದೆ. ಅಂಥ ಆದೇಶ ಇಲ್ಲಿಗೆ ಬಂದಿಲ್ಲ ಎಂದರು. ಪ್ರಿಂಟ್ ತೆಗೆದಿದ್ದ ಪ್ರತಿಯನ್ನು ಚೀಲದಿಂದ ತೆಗೆದುಕೊಟ್ಟೆ. ಓದದೆ ಡ್ರಾವರಿಗೆ ಹಾಕಿದರು.

ರಾತ್ರಿಯಿಡೀ ಆ ತಾಯಿ ಬಾಗಿಲ ಹೊರಗೆ ನೆಲದ ಮೇಲೆ ಕೂತಿದ್ದಳು. ಒಳಗಿನಿಂದ ಮಗಳು ‘ಯವ್ವಾ’ ಎಂದು ಕೂಗಿದಾಗಲೆಲ್ಲ ಎದ್ದು ಬಾಗಿಲಿಗೆ ಬಾಯಿ ಹಚ್ಚಿ, “ಎಡಕ್ಕ ಹೊಳ್ಳಿ ಮಲಗವ್ವಾ, ಉಸುರು ಬಿಡು, ಹೆದರಬ್ಯಾಡ, ನಾ ಇಲ್ಲೇ ಇದ್ದೀನಿ” ಎನ್ನುತ್ತಿದ್ದಳು. ಮಗಳಿಗೆ ಕೇಳಿಸಿತೋ ಇಲ್ಲವೋ. ಹೊರಗಿದ್ದ ನಾವೆಲ್ಲ ಕೇಳಿದೆವು.

ಒಳಗೆ ನಡೆದದ್ದನ್ನು ಪಕ್ಕದ ಮಂಚದಲ್ಲಿದ್ದ ಹೆಂಗಸು ಆಮೇಲೆ ನನಗೆ ಹೇಳಿದಳು. ಅಂಗಾತ ಮಲಗಿಸಿ ಏಳಲು ಬಿಡಲಿಲ್ಲ, ಕೇಳಿದರೂ ನೀರು ಕೊಡಲಿಲ್ಲ. ಜೋರು ಹಾಕು ಎಂದು ಮರಾಠಿಯಲ್ಲಿ, ಹಿಂದಿಯಲ್ಲಿ ಕೂಗಿದರು, ಹುಡುಗಿಗೆ ತಿಳಿಯಲಿಲ್ಲ. ತಿಳಿಯದ್ದನ್ನು ಹಟವೆಂದುಕೊಂಡು ತೊಡೆಗೆ ಹೊಡೆದರು. ಮಕ್ಕಳು ಮಾಡಿಕೊಳ್ಳುವಾಗ ಅಳು ಬರಲಿಲ್ಲವೇನು, ಈಗ್ಯಾಕೆ ಎಂದು ಕೇಳಿದರು. ಕೊನೆಗೆ ಒಬ್ಬರು ಹೊಟ್ಟೆಯ ಮೇಲೆ ಮೊಣಕೈ ಊರಿ ಒತ್ತಿದರು. ಹಾಗೆ ಒತ್ತುವುದು ಬೇಡ ಎಂದು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲೇ ಹೇಳಿದೆ. ಮಗು ಹುಟ್ಟಿತು, ಚೆನ್ನಾಗಿತ್ತು. ತಾಯಿ ಮಗಳನ್ನು ನೋಡಿದ್ದು ಟ್ರಾಲಿ ಹೊರಗೆ ಬಂದ ಮೇಲೆ. ತೊಡೆಯ ಮೇಲೆ ಐದು ಬೆರಳೂ ಮೂಡಿದ್ದವು.

ಹೊಡೆತಕ್ಕೆ ಕ್ಷಮೆಯಿಲ್ಲ. ಆದರೂ ಒಂದು ಮಾತು ಹೇಳಲೇಬೇಕು. ಆ ರಾತ್ರಿ ಅಷ್ಟೂ ಮಂಚಗಳನ್ನು ನೋಡಲು ಇದ್ದ ಸಿಸ್ಟರ್ ಒಬ್ಬರೇ. ಒಬ್ಬ ಬಸುರಿಯ ಬೆನ್ನು ನೀವುತ್ತ ಕೂರಲು ಅವರಿಗೆ ಪುರುಸೊತ್ತೆಲ್ಲಿ? ಪುರುಸೊತ್ತಿದ್ದ, ಅನುಭವವಿದ್ದ, ಒಂದು ಪೈಸೆ ಸಂಬಳ ಕೇಳದ ಹೆಂಗಸು ಬಾಗಿಲಾಚೆ ನೆಲದ ಮೇಲೆ ಕೂತಿದ್ದಳು. ನಿಮ್ಮ ಸುತ್ತೋಲೆ ಕೇಳುವ ಅರ್ಹತೆಗಳೆಲ್ಲ ಅವಳಿಗಿದ್ದವು. ಅವಳನ್ನು ಒಳಗೆ ಬಿಡಲು ಏನು ಖರ್ಚಾಗುತ್ತಿತ್ತು, ಶಾಸಕರೇ?

ಮುಂದಿನದು ಇದಕ್ಕಿಂತ ಕಷ್ಟದ್ದು. ಹುಡುಗಿ ಎರಡನೆಯ ಬಾರಿ ಬಸುರಿಯಾದಳು. ತಪಾಸಣೆಗೆ ತಪ್ಪದೆ ಬಂದಳು, ಕಬ್ಬಿಣದ ಗುಳಿಗೆ ನುಂಗಿದಳು. ದಿನ ತುಂಬಿದಾಗ ಮಾತ್ರ, “ಅಕ್ಕೋರೆ, ನಾ ಒಲ್ಲೆರಿ. ಸತ್ತರ ಇಲ್ಲೇ ಸಾಯ್ತೀನಿ, ಆ ಖೋಲಿಗಿ ಹೋಗಂಗಿಲ್ಲ” ಎಂದಳು. ಬಿಪಿ ಇದ್ದವಳು ಮನೆಯಲ್ಲಿ ಹೆರುವುದು ಅಪಾಯವೆಂದು ನಾನು ಗೋಗರೆದೆ. ಅವಳ ಗಂಡನೂ ಹೇಳಿದ. ಕೇಳಲಿಲ್ಲ. ತಾಯಿ ಮತ್ತೆ ಊರಿಂದ ಬಂದಳು, ಹೆರಿಗೆ ಮನೆಯಲ್ಲೇ ಆಯಿತು. ಮಗು ಬಂತು, ಮಾಸೂ ಬಿತ್ತು. ರಕ್ತ ನಿಲ್ಲಲಿಲ್ಲ.

ತಾಯಿ ತನಗೆ ಗೊತ್ತಿದ್ದುದನ್ನೆಲ್ಲ ಮಾಡಿದಳು. ಮಗುವನ್ನು ಮೊಲೆಗೆ ಹಚ್ಚಿದಳು, ಗರ್ಭ ಗಟ್ಟಿಯಾಗಲೆಂದು ಹೊಟ್ಟೆ ತಿಕ್ಕಿದಳು. ಅವಳ ಕೈಯಲ್ಲಿ ಇಲ್ಲದಿದ್ದುದು ಗರ್ಭ ಬಿಗಿಯಾಗಿಸಿ ರಕ್ತ ತಡೆಯುವ ಒಂದು ಆಕ್ಸಿಟೋಸಿನ್ ಇಂಜೆಕ್ಷನ್. ತರಬೇತಾದ ಸೂಲಗಿತ್ತಿ, ಅಂದರೆ ಮಿಡ್‌ವೈಫ್, ಇದ್ದಿದ್ದರೆ ಮಗು ಹುಟ್ಟಿದ ನಿಮಿಷದಲ್ಲೇ ಹತ್ತು ಯೂನಿಟ್ ಕೊಟ್ಟಿರುತ್ತಿದ್ದಳು, ಅದು ಎಲ್ಲ ಹೆರಿಗೆಗಳಲ್ಲೂ ಮಾಡಬೇಕಾದದ್ದು. 108ಕ್ಕೆ ಫೋನ್ ಮಾಡಿದೆವು. ಗಾಡಿ ಬಂತು, ನಮ್ಮ ಗಲ್ಲಿಯೊಳಗೆ ಸ್ಟ್ರೆಚರ್ ತಿರುಗಲಿಲ್ಲ. ಚಾದರದಲ್ಲಿ ಮಲಗಿಸಿ ನಾಲ್ಕು ಜನ ಹೊತ್ತು ರಸ್ತೆಗೆ ತಂದರು.

ಅವಳನ್ನು ಉಳಿಸಿದ್ದು ಆಸ್ಪತ್ರೆಯೇ. ರಕ್ತ ಕೊಟ್ಟರು, ಬೆಳಗಿನವರೆಗೂ ಡಾಕ್ಟರಮ್ಮ ಕದಲಲಿಲ್ಲ. ಅವರಿಗೆ ನಾನು ಕೈಮುಗಿಯುತ್ತೇನೆ. ಅವರೇ ಆಮೇಲೆ ಸಿಟ್ಟಿನಿಂದ, ಮನೆಯಲ್ಲಿ ಯಾಕೆ ಹೆರಿಗೆ ಮಾಡಿಸಿದಿರಿ ಎಂದು ಕೇಳಿದರು. ಆ ಮಾತನ್ನು ತಾಯಿಗೆ ಕನ್ನಡದಲ್ಲಿ ತಿಳಿಸಿ ಹೇಳಿದೆ. ತಾಯಿ ಕೊಟ್ಟ ಉತ್ತರ ಇದು: “ಅವತ್ತ ನನ್ನ ಒಳಗ ಬಿಟ್ಟಿದ್ರ, ಈಗೂ ಇಲ್ಲೇ ಹಡೀತಿದ್ಲರಿ.” ಅದನ್ನು ಮರಾಠಿಗೆ ಮಾಡಿ ಹೇಳುವಾಗ ನನ್ನ ಗಂಟಲು ಕಟ್ಟಿತು.

ಮನೆಯಲ್ಲಿ ಹೆತ್ತವರನ್ನು ಅನಾಗರಿಕರು, ತಿಳಿಯದವರು ಎಂದು ಬೈಯುವವರಿಗೆ ಈ ಉತ್ತರ ಸಾಕು. ಆಸ್ಪತ್ರೆಯಲ್ಲಿ ಹೆತ್ತರೆ ಸಹಾಯಧನ ಕೊಡುವ ಜನನಿ ಸುರಕ್ಷಾ ಯೋಜನೆ 2005ರಲ್ಲಿ ಬಂತು, 2011ರಿಂದ ಸರ್ಕಾರಿ ಹೆರಿಗೆ ಪೂರ್ತಿ ಉಚಿತವಾಯಿತು. 2019–21ರ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ ಶೇ. 88.6 ಹೆರಿಗೆಗಳು ಆಸ್ಪತ್ರೆಯಲ್ಲೇ ಆಗಿದ್ದವು. ಹೆಂಗಸರು ನೀವು ಹೇಳಿದಂತೆ ಬಂದರು. ಬಂದವರನ್ನು ನೀವು ಹೇಗೆ ನೋಡಿಕೊಂಡಿರಿ?

ಇದೇ ಮುಂಬಯಿಯಲ್ಲಿ ಹಣವಿದ್ದವರು ಡೌಲಾ ಎಂಬುವಳನ್ನು ಗೊತ್ತು ಮಾಡಿಕೊಳ್ಳುತ್ತಾರೆ. ಅವಳು ಔಷಧ ಕೊಡುವವಳಲ್ಲ, ಹೆರಿಗೆ ಮಾಡಿಸುವವಳೂ ಅಲ್ಲ. ಬೆನ್ನು ನೀವುತ್ತಾಳೆ, ನಡೆಸುತ್ತಾಳೆ, ನೀರು ಕುಡಿಸುತ್ತಾಳೆ, ಡಾಕ್ಟರು ಹೇಳಿದ್ದನ್ನು ಬಿಡಿಸಿ ಹೇಳುತ್ತಾಳೆ, ಬಿಟ್ಟು ಹೋಗುವುದಿಲ್ಲ. ನಮ್ಮ ಸೂಲಗಿತ್ತಿಯರು ತಲೆಮಾರುಗಳಿಂದ ಮಾಡಿದ್ದರಲ್ಲಿ ಅರ್ಧ ಕೆಲಸ ಇದೇ. ಕಾಸಿದ್ದವಳಿಗೆ ಸಿಗುವ ಸಮಾಧಾನ ನಾಕಾ ಕೂಲಿಯವನ ಹೆಂಡತಿಗೆ ಏಕೆ ಬೇಡ? ಹದಿನೈದು ಸಾವಿರಕ್ಕೂ ಹೆಚ್ಚು ಹೆಂಗಸರನ್ನು ಒಳಗೊಂಡ ಇಪ್ಪತ್ತಾರು ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿ ಕಾಕ್ರೇನ್ ಸಂಸ್ಥೆ 2017ರಲ್ಲಿ ಹೇಳಿದ್ದೂ ಅದನ್ನೇ: ಬಿಡದೆ ಜೊತೆಗೊಬ್ಬರು ಇದ್ದರೆ ಸಹಜ ಹೆರಿಗೆ ಹೆಚ್ಚುತ್ತದೆ, ಸಿಸೇರಿಯನ್ ಇಳಿಯುತ್ತದೆ, ನೋವಿನ ಅವಧಿ ತಗ್ಗುತ್ತದೆ.

ಪಾವಗಡದ ಸೂಲಗಿತ್ತಿ ನರಸಮ್ಮನವರಿಗೆ ಈ ದೇಶ 2018ರಲ್ಲಿ ಪದ್ಮಶ್ರೀ ಕೊಟ್ಟಿತು. ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆಗಳನ್ನು ಕಾಸು ಮುಟ್ಟದೆ ಮಾಡಿಸಿದ ಆ ತಾಯಿ ಅದೇ ವರ್ಷದ ಡಿಸೆಂಬರ್ 25ರಂದು ತೀರಿಕೊಂಡರು. ಕೇಂದ್ರ ಸರ್ಕಾರ ಮಿಡ್‌ವೈಫರಿ ಸೇವೆಗಳ ಮಾರ್ಗಸೂಚಿ ಹೊರಡಿಸಿದ್ದೂ ಆ ಡಿಸೆಂಬರಿನಲ್ಲೇ. ನರ್ಸುಗಳಿಗೆ ಹದಿನೆಂಟು ತಿಂಗಳ ತರಬೇತಿ, ತೊಡಕಿಲ್ಲದ ಹೆರಿಗೆಗಳನ್ನು ಅವರೇ ನಡೆಸುವ ಪ್ರತ್ಯೇಕ ಘಟಕಗಳು, ಹತ್ತಿರದಲ್ಲೇ ಡಾಕ್ಟರು. ಓದಿ ನನಗೆ ಬಹಳ ಆಸೆಯಾಗಿತ್ತು. ನಮ್ಮ ಬಸ್ತಿಯವರು ಹೋಗುವ ಯಾವ ಆಸ್ಪತ್ರೆಯಲ್ಲೂ ಅಂಥ ಒಂದು ಘಟಕವನ್ನು ನಾನು ಈವರೆಗೆ ಕಂಡಿಲ್ಲ. ರಾಷ್ಟ್ರಪತಿ ಭವನದೊಳಗೆ ಸೂಲಗಿತ್ತಿಯನ್ನು ಕರೆದು ಗೌರವಿಸಿದ ದೇಶದಲ್ಲಿ ಇನ್ನೊಬ್ಬ ಸೂಲಗಿತ್ತಿಯನ್ನು ಅವಳ ಮಗಳ ಹೆರಿಗೆಗೇ ಒಳಗೆ ಬಿಡಲಿಲ್ಲ.

ಜಾಗವಿಲ್ಲ, ಬೇರೆ ಹೆಂಗಸರ ಮರ್ಯಾದೆಯ ಪ್ರಶ್ನೆ ಎನ್ನುತ್ತಾರೆ. ಮಂಚಗಳ ನಡುವೆ ಪರದೆ ಕಟ್ಟಿ. ಸೋಂಕು ಎನ್ನುತ್ತಾರೆ. ಕೈ ತೊಳೆಸಿ, ಗೌನ್ ಕೊಡಿ. ನಿಮ್ಮ ಶಾಸಕರ ನಿಧಿಯಿಂದ ಗಲ್ಲಿಯ ತುದಿಗೆ ಕಮಾನು ಎದ್ದಿದೆ, ಅದರ ಮೇಲೆ ನಿಮ್ಮ ಹೆಸರಿದೆ. ಪರದೆಗೆ ಅಷ್ಟು ಹಣ ಬೇಕಾಗುವುದಿಲ್ಲ.

ಇಷ್ಟು ಮಾಡಿ. 2016ರ ಆದೇಶವನ್ನು ಹೆರಿಗೆ ವಾರ್ಡಿನ ಬಾಗಿಲಲ್ಲೇ ಮರಾಠಿ, ಹಿಂದಿ, ಕನ್ನಡದಲ್ಲಿ ಬರೆಸಿ ಹಾಕಿಸಿ, ಆಗ ವಾಚ್‌ಮನ್‌ಗೂ ಅದು ಗೊತ್ತಾಗುತ್ತದೆ. ಹೊಡೆತ, ಬೈಗುಳದ ದೂರು ಕೇಳಲು ಆಸ್ಪತ್ರೆಯ ಹೊರಗಿನವರೊಬ್ಬರನ್ನು ನೇಮಿಸಿ. ನಮ್ಮ ಬಸ್ತಿಗಳ ಹತ್ತಿರ ಮಿಡ್‌ವೈಫ್‌ಗಳ ಒಂದು ಘಟಕ ತೆರೆಸಿ, ಅವರು ಮನೆಗಳಿಗೂ ಬರುವಂತಾಗಲಿ, ಯಾರನ್ನು ಬೇಗ ಆಸ್ಪತ್ರೆಗೆ ಸೇರಿಸಬೇಕೆಂದು ಅವರೇ ಗುರುತಿಸಲಿ. ಅನುಭವವಿರುವ ನಮ್ಮ ಹೆಂಗಸರಿಗೆ ತರಬೇತಿ, ಗುರುತಿನ ಚೀಟಿ ಕೊಟ್ಟು ಹೆರಿಗೆ ಸಂಗಾತಿಯರಾಗಿ ಒಳಗೆ ಬಿಡಿಸಿ. ಎಲ್ಲ ಒಮ್ಮೆಗೇ ಆಗದಿದ್ದರೆ ಮೊದಲು ಬಾಗಿಲು ತೆಗೆಸಿ. ಅದಕ್ಕೆ ಬಜೆಟ್ ಬೇಡ, ಟೆಂಡರ್ ಬೇಡ, ನಿಮ್ಮ ಒಂದು ಮಾತು ಸಾಕು.

ಮುಂದಿನ ಅಧಿವೇಶನದಲ್ಲಿ ವಿಧಾನಸಭೆಯಲ್ಲಿ ಈ ಪ್ರಶ್ನೆ ಎತ್ತುತ್ತೀರಾ ಇಲ್ಲವಾ ಎಂದು ಬರಹದಲ್ಲಿ ತಿಳಿಸಿ. ಮೊಹರು ಬೇಡ, ಉತ್ತರ ಬೇಕು. ನಮ್ಮ ಗಲ್ಲಿಯಲ್ಲಿ ಈಗ ಮೂವರು ಬಸುರಿಯರಿದ್ದಾರೆ. ಒಬ್ಬಳಿಗೆ ಈ ತಿಂಗಳೇ ದಿನ ತುಂಬುತ್ತದೆ. ಅವಳ ಜೊತೆ ನಾನು ಹೋಗುತ್ತೇನೆ. ಅಂದು ನನ್ನನ್ನು ಒಳಗೆ ಬಿಡಬೇಕು.

ಇತಿ,
ನಿಮ್ಮ ಕ್ಷೇತ್ರದ ಮತದಾರಳು,
ನಿವೃತ್ತ ಕನ್ನಡ ಶಾಲಾ ಶಿಕ್ಷಕಿ, ಮುಂಬಯಿ